ನಮ್ಮ ಮನೆಯ ನೆಲ ಕೆಳಗೆ ಹೋದದ್ದು

ಅಜ್ಜನ ಅಳತೆ ಟೇಪಿಗೆ ಮೊದಲನೆಯ ಇಂಚು ಇಲ್ಲ. ತುದಿಯ ತಗಡು ಕಿತ್ತುಹೋಗಿ ನೂಲು ಬಿಡುತ್ತಿದೆ ಎಂದು ಅವರೇ ಒಂದರ ಗೆರೆಗೆ ಸರಿಯಾಗಿ ಕತ್ತರಿಸಿ ಹಾಕಿದ್ದರು. ಉರ್ವ ಮಾರ್ಕೆಟ್ಟಿನ ಹತ್ತಿರ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರಿಗೆ ಒಂದು ಇಂಚು ಕಳೆದು ಓದುವುದು ಉಸಿರಾಡಿದಷ್ಟೇ ಸುಲಭ. ಪೆಟ್ಟಾದದ್ದು ನನಗೆ. ಎಂಟನೆಯ ಕ್ಲಾಸಿನಲ್ಲಿ ನಾನು ಇದೇ ಟೇಪಿನಿಂದ ಅಳೆದುಕೊಂಡು, ಐದು ಅಡಿ ಆದೆನೆಂದು ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದೆ. ಮರುವಾರ ಶಾಲೆಯಲ್ಲಿ ಗೋಡೆಗೆ ನಿಲ್ಲಿಸಿ ಅಳೆದಾಗ ನಾಲ್ಕು ಅಡಿ ಹನ್ನೊಂದು ಇಂಚು. ಒಂದು ವಾರದಲ್ಲಿ ಕುಗ್ಗಿದ ಹುಡುಗಿ ಎಂದು ಅಜ್ಜಿ ಎರಡು ತಿಂಗಳು ನಗಾಡಿದರು.

ಮೊನ್ನೆ ಅಂಗಿಯ ಗುಂಡಿ ಹುಡುಕಲು ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದಾಗ ಈ ಟೇಪು ಹಾವಿನ ಮರಿಯ ಹಾಗೆ ಸುರುಳಿ ಸುತ್ತಿ ಮಲಗಿತ್ತು. ಗುಂಡಿ ಸಿಗಲಿಲ್ಲ. ಈ ಬರಹ ಸಿಕ್ಕಿತು.

ನನಗೆ ಎಲ್ಲವನ್ನೂ ಅಳೆದು, ಎಣಿಸಿ, ತಾರೀಖು ಹಾಕಿ ಇಡುವ ಚಾಳಿ ಉಂಟೆಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಕೆಲಸವೂ ಅಂಥದ್ದೇ: ಲ್ಯಾಬೊಂದರಲ್ಲಿ ದಿನವಿಡೀ ಜನರ ರಕ್ತದ ಸೀಸೆಗಳಿಗೆ ಹೆಸರು, ಸಮಯ ಬರೆದ ಚೀಟಿ ಅಂಟಿಸುವುದು. ಆದರೆ ಚಾಳಿ ಕೆಲಸಕ್ಕಿಂತ ಹಳೆಯದು. ಆರನೆಯ ಕ್ಲಾಸಿನಿಂದ ಬರೆದ ದಿನಚರಿಗಳು ನನ್ನ ಮಂಚದ ಕೆಳಗೆ ವರ್ಷವಾರು ಜೋಡಿಸಿವೆ. ಅಜ್ಜಿ ನನ್ನನ್ನು ಶಾನುಭೋಗರೇ ಎಂದು ಕರೆಯುವುದು ಗೌರವದಿಂದ ಅಲ್ಲ.

ನಮ್ಮ ಅಡುಗೆಮನೆಯ ಬಾಗಿಲಿನ ದಾರಂದದಲ್ಲಿ, ಅಂದರೆ ಮರದ ಚೌಕಟ್ಟಿನಲ್ಲಿ, ಎರಡು ಸಾಲು ಪೆನ್ಸಿಲ್ ಗೆರೆಗಳಿವೆ. ಎಡಗಡೆಯವು ನನ್ನವು. ನಾಲ್ಕನೆಯ ವಯಸ್ಸಿನಿಂದ ಹದಿನೇಳರವರೆಗೆ ಮೇಲೇರಿ ಅಲ್ಲಿಗೆ ನಿಂತಿವೆ. ಬಲಗಡೆಯವು ಅಜ್ಜಿಯವು. ಅವು ಅಜ್ಜಿಯ ಎತ್ತರವಲ್ಲ, ಅಜ್ಜಿ ಕೂರುವ ಜಾಗದ ಎತ್ತರ. ಕೆಳಗಿನಿಂದ ಓದುತ್ತೇನೆ, ಕೇಳಿ. ಎರಡು ಇಂಚು: ಮರದ ಮಣೆ. ಅದಕ್ಕೂ ಮೊದಲು ಚಾಪೆ; ಚಾಪೆಗೆ ಗೆರೆ ಎಳೆಯುವುದು ಹೇಗೆ? ಐದು ಇಂಚು: ಅದೇ ಮಣೆಗೆ ಪಕ್ಕದ ಮನೆಯ ಆಚಾರಿ ಕಾಲು ಹೊಡೆದು ಕೊಟ್ಟದ್ದು. ಒಂಬತ್ತು ಇಂಚು: ಬಚ್ಚಲಿನ ನೀಲಿ ಪ್ಲಾಸ್ಟಿಕ್ ಸ್ಟೂಲು, ಬಡ್ತಿ ಪಡೆದು ಅಡುಗೆಮನೆಗೆ ಬಂದದ್ದು. ಹನ್ನೆರಡು: ಬೆತ್ತದ ಗುಂಡು ಪೀಠ. ಹದಿನೇಳು: ಊಟದ ಮೇಜಿನ ಕುರ್ಚಿ. ಎಲ್ಲವೂ ಒಂದು ಇಂಚು ಕಳೆದ ಲೆಕ್ಕ.

ಇಷ್ಟು ಹತ್ತುವಾಗ ಅಜ್ಜಿ ಒಮ್ಮೆಯೂ ತನಗೆ ಆಗುವುದಿಲ್ಲ ಎಂದು ಹೇಳಿದವರಲ್ಲ. ಅವರ ಪ್ರಕಾರ ಅವರ ಮೊಣಕಾಲು ಮೊದಲು ಹೇಗಿತ್ತೋ ಹಾಗೆಯೇ ಉಂಟು. ತಪ್ಪು ನೆಲದ್ದು. ನಮ್ಮ ಮನೆಯ ಎದುರಿನ ರಸ್ತೆಗೆ ಹಳೆಯ ಡಾಮರು ಕೀಳದೆ ಮೇಲಿಂದ ಮೇಲೆ ಡಾಮರು ಹಾಕಿ, ಅದರ ಮೇಲೆ ಕಾಂಕ್ರೀಟು ಹಾಕಿ, ಈಗ ಗೇಟಿನಿಂದ ಅಂಗಳಕ್ಕೆ ಎರಡು ಮೆಟ್ಟಿಲು ಇಳಿಯಬೇಕು. ಹಿಂದೆ ಇಳಿಯಬೇಕಾಗಿರಲಿಲ್ಲ. ಅಂದ ಮೇಲೆ ಮನೆಯ ನೆಲ ಕೆಳಗೆ ಹೋಯಿತೋ ಇಲ್ಲವೋ? ಮೊದಲು ಕೂತರೆ ಸಿಗುತ್ತಿದ್ದ ನೆಲ ಈಗ ಎಷ್ಟು ಬಗ್ಗಿದರೂ ಸಿಗುವುದಿಲ್ಲ. ಈ ವಾದವನ್ನು ಮುರಿಯಲು ನಾನು ಟೇಪು ಹಿಡಿದು ಪ್ರಯತ್ನಿಸಿದ್ದೇನೆ. ಆಗಲಿಲ್ಲ.

ಬಸ್ಸಿನ ಕಥೆಯೂ ಹೀಗೆಯೇ. ಸಿಟಿ ಬಸ್ಸಿನ ಮೆಟ್ಟಿಲು ವರ್ಷಕ್ಕೆ ಒಂದು ಇಂಚು ಮೇಲೆ ಹೋಗುತ್ತದೆಂದು ಅಜ್ಜಿಯ ಗುಮಾನಿ. ನೆಲ ಕೆಳಗೆ, ಬಸ್ಸು ಮೇಲೆ. ನಡುವೆ ಸಿಕ್ಕವರ ಗತಿ ಎಂತದು? ಹತ್ತುವಾಗ ಅವರು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ಭುಜ ಹಿಡಿದು, ಬಲಗಾಲು ಮೇಲಿಟ್ಟು ಕಂಡಕ್ಟರಿಗೆ ಸಮಾಧಾನದಿಂದ ಹೇಳುತ್ತಾರೆ: “ರೈಟ್ ಹೇಳ್ಬೇಡ ಮಾರಾಯ, ಒಂದು ಕಾಲು ಇನ್ನೂ ಉರ್ವದಲ್ಲೇ ಉಂಟು.” ಇಡೀ ಬಸ್ಸು ಕಾಯುತ್ತದೆ. ಈಗ ಆ ರೂಟಿನ ಕಂಡಕ್ಟರುಗಳು ಅಜ್ಜಿಯನ್ನು ಕಂಡ ಕೂಡಲೇ ಸೀಟಿ ಬಾಯಿಂದ ತೆಗೆದು, ಎರಡನೆಯ ಕಾಲು ಬಂತಾ ಎಂದು ಕೇಳಿಯೇ ಊದುತ್ತಾರೆ.

ಸೂಜಿಗೆ ದಾರ ಪೋಣಿಸುವುದು ಭಾನುವಾರ ಬೆಳಗ್ಗಿನ ನನ್ನ ಕೆಲಸ. ಹತ್ತು ಸೂಜಿ, ಐದು ಬಣ್ಣ. ಪೋಣಿಸಿ ಕ್ಯಾಲೆಂಡರಿಗೆ ಚುಚ್ಚಿಟ್ಟರೆ ಅಜ್ಜಿಗೆ ಒಂದು ವಾರದ ರೇಷನ್. ಸೂಜಿಯ ಕಣ್ಣು ಸಣ್ಣದಾದದ್ದಕ್ಕೆ ಅವರು ಇನ್ನೂ ಕಾರಣ ಹುಡುಕಿಲ್ಲ. ಹುಡುಕುತ್ತಾರೆ.

ಇನ್ನು ನನ್ನ ಮರ್ಯಾದೆ ಹೋದ ವಿಷಯ. ಅಜ್ಜಿ ಏಳುವಾಗ ಒಂದು ಸ್ವರ ಹೊರಡುತ್ತದೆ: “ಅಪ್ಪೇ.” ತುಳುವಿನಲ್ಲಿ ಅಮ್ಮನನ್ನು ಕರೆಯುವುದು. ಎಪ್ಪತ್ತೊಂಬತ್ತರ ಅಜ್ಜಿ ತನ್ನ ಅಮ್ಮನನ್ನು ದಿನಕ್ಕೆ ಎಷ್ಟು ಸಲ ಕರೆಯುತ್ತಾರೆಂದು ನನಗೆ ಕುತೂಹಲವಾಗಿ, ಕಳೆದ ಜೂನಿನಲ್ಲಿ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಗೆರೆ ಹಾಕತೊಡಗಿದೆ. ಅಜ್ಜಿ ಅದನ್ನು ನೋಡಿ ತನ್ನ ಕೆಲಸಕ್ಕೆ ಹೋದರು. ವಾರದ ಕೊನೆಗೆ ನಾನು ಗಂಭೀರವಾಗಿ ಮೂವತ್ತೆಂಟು ಎಂದು ಘೋಷಿಸಿದಾಗ ಅವರು ತಗಡಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಸುರಿದರು. ಹಲಸಿನ ಬೀಜ. ನಾನು ಸ್ಕೂಟರಿನಿಂದ ಇಳಿಯುವಾಗ, ಸೋಫಾದಿಂದ ಏಳುವಾಗ, ಮೊಬೈಲಿನಿಂದ ಕುತ್ತಿಗೆ ಎತ್ತುವಾಗ “ಅಬ್ಬಾ” ಎಂದದ್ದಕ್ಕೆಲ್ಲ ಒಂದೊಂದು ಬೀಜ. ಎಣಿಸಿದೆ. ನಲವತ್ತಾರು. ನನ್ನ ವಯಸ್ಸು ಇಪ್ಪತ್ತಾರು. ಇನ್ನೊಮ್ಮೆ ಎಣಿಸಲು ಹೊರಟರೆ ಅಜ್ಜಿ ಸಾಕ್ಷ್ಯವನ್ನೆಲ್ಲ ಕೆಂಡಕ್ಕೆ ಹಾಕಿ ಸುಟ್ಟು, ಸಿಪ್ಪೆ ಸುಲಿದು, ಅರ್ಧ ನನಗೂ ಕೊಟ್ಟರು.

ಅಂದಿನಿಂದ ಆ ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ ಕಾಯಂ. ಬೀಜ ಬೀಳುವ ಟಣ್ ಎಂಬ ಸದ್ದು ಕೇಳಿದರೆ ಸಾಕು, ನಾನು ಬೆನ್ನು ನೇರ ಮಾಡುತ್ತೇನೆ.

ಹೀಗೆ ತೆಂಗಿನಕಾಯಿ ತುರಿಯುವುದನ್ನು ಅಮ್ಮನಿಗೆ, ಸೂಜಿಯನ್ನು ನನಗೆ, ನೆಲವನ್ನು ರಸ್ತೆಯವರಿಗೆ ಬಿಟ್ಟುಕೊಟ್ಟ ಅಜ್ಜಿ ಒಂದನ್ನು ಮಾತ್ರ ಬಿಟ್ಟಿರಲಿಲ್ಲ. ಅದು ಆಟಿಯಲ್ಲಿ ಅಜ್ಜನಿಗೆ ಬಡಿಸುವುದು.

ಆಟಿ ಅಂದರೆ ನಮ್ಮ ಮಳೆಗಾಲದ ನಟ್ಟನಡುವಿನ ತಿಂಗಳು. ಆಗ ಒಂದು ದಿನ ಮನೆಯಲ್ಲಿ ತೀರಿಹೋದವರಿಗೆ ಅವರವರ ಇಷ್ಟದ ಅಡುಗೆ ಮಾಡಿ, ಒಳಕೋಣೆಯ ನೆಲದಲ್ಲಿ ಬಾಳೆ ಎಲೆ ಹಾಕಿ, ದೀಪ ಹಚ್ಚಿ ಬಡಿಸುತ್ತೇವೆ. ಬಡಿಸಿದವರು ಎಲೆಯ ಎದುರು ಕೂತು, ಬಂದು ಉಣ್ಣಿ ಎಂದು ಕರೆಯಬೇಕು. ಆಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕಾಯುತ್ತೇವೆ. ಅವರ ಊಟ ಆಯಿತು ಎನ್ನುವಷ್ಟು ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತೆರೆದು, ನಾವು ಉಣ್ಣುವುದು. ನಮ್ಮಲ್ಲಿ ಮೂರು ಎಲೆ: ಅಜ್ಜನಿಗೆ ಒಂದು, ಅಜ್ಜನ ತಂದೆ ತಾಯಿಗೆ ಎರಡು. ಅಜ್ಜ ತೀರಿಕೊಂಡದ್ದು ನನ್ನ ಹದಿನೆಂಟನೆಯ ವಯಸ್ಸಿನಲ್ಲಿ. ಅಂದಿನಿಂದ ಎಂಟು ಆಟಿ, ಎಂಟು ಸಲವೂ ಮೂರು ಎಲೆಗೂ ಬಡಿಸಿದ್ದು, ಕರೆದದ್ದು ಅಜ್ಜಿಯೇ.

ಎಂಟನೆಯ ಸಲ, ಅಂದರೆ ಕಳೆದ ವರ್ಷ, ಬಡಿಸಿ ಕರೆದದ್ದೆಲ್ಲ ಸರಿಯಾಗಿತ್ತು. ಏಳಲು ಆಗಲಿಲ್ಲ. ಅಮ್ಮ ಒಂದು ಕೈ, ನಾನು ಒಂದು ಕೈ ಹಿಡಿದೆವು. ಅರ್ಧ ಎದ್ದವರು, ಇವಳು ಬಾವಿಯಿಂದ ಕೊಡಪಾನ ಎಳೆದ ಹಾಗೆ ಎಳೆಯುತ್ತಾಳೆಂದು ನನ್ನ ಬಗ್ಗೆ ಹೇಳಿ ನಗತೊಡಗಿದರು. ನಗು ಬಂದರೆ ಕಾಲಿನಲ್ಲಿ ಬಲ ಉಳಿಯುತ್ತದೆಯೇ? ಪುನಃ ಕೂತರು. ಅಮ್ಮನೂ ನಕ್ಕಳು, ನಾನೂ ನಕ್ಕೆ. ಕೂತಲ್ಲೇ ಜಾರಿದ ಅಜ್ಜಿಯ ಕಾಲು ತಾಗಿ ಅಜ್ಜನ ಎಲೆಯ ಕೋಳಿ ಸಾರು ಪಕ್ಕದ ಎಲೆಗೆ, ಅಂದರೆ ಅವರ ಅತ್ತೆಯ ಎಲೆಗೆ ಹರಿಯಿತು. ಅವರನ್ನು ನಿಲ್ಲಿಸಲು ಹದಿನಾಲ್ಕು ನಿಮಿಷ ಬೇಕಾಯಿತು. ಬರೆದಿಟ್ಟಿದ್ದೇನೆ. ಮರುದಿನದಿಂದ ಅಜ್ಜಿಯ ಊಟ ಮೇಜಿನಲ್ಲಿ. ದಾರಂದದಲ್ಲಿ ಹದಿನೇಳರ ಗೆರೆ.

ಅಂದು ನಗದೆ ಇದ್ದವರು ಒಬ್ಬರೇ, ಕುಲಶೇಖರದ ಅತ್ತೆ. ನನ್ನ ಅಪ್ಪನ ಅಕ್ಕ, ಅಜ್ಜಿಯ ಹಿರಿಮಗಳು. ಅಪ್ಪ ಮಸ್ಕತ್ತಿನಲ್ಲಿ ಕೆಲಸದಲ್ಲಿರುವುದರಿಂದ ಮನೆಯ ಕಟ್ಟುಕಟ್ಟಳೆಯ ಉಸ್ತುವಾರಿ ಅತ್ತೆಯದು. ಈ ವರ್ಷ ಆಟಿ ಹುಟ್ಟಿದ ವಾರವೇ ಅತ್ತೆಯ ಫೋನು ಬಂತು. ಸ್ಪೀಕರಿನಲ್ಲಿ ಹಾಕಿದ್ದೆ. ಇನ್ನು ಮೇಲೆ ಎಲೆಗೆ ತಾನೇ ಬಡಿಸುತ್ತೇನೆ, ತನ್ನ ಅಮ್ಮ ಆರಾಮದಲ್ಲಿ ಜಗಲಿಯಲ್ಲಿ ಕುರ್ಚಿ ಹಾಕಿ ಕೂತರೆ ಸಾಕು, ಹಿರಿಯರ ಎದುರು ಹಾಗೆ ಬಿದ್ದು ನಗಾಡುವುದು ಚಂದ ಕಾಣುವುದಿಲ್ಲ ಎಂದರು ಅತ್ತೆ. ಕೋಪದಿಂದ ಹೇಳಿದ್ದಲ್ಲ. ಅಮ್ಮ ಬಿದ್ದು ಸೊಂಟ ಮುರಿದರೆ ಎಂಬ ಹೆದರಿಕೆ ಆ ಸ್ವರದಲ್ಲಿ ಇತ್ತು.

ಅಜ್ಜಿ ಆಯಿತು ಎಂದರು.

ಅಷ್ಟೇ. ನೆಲವನ್ನು ಬೈಯಲಿಲ್ಲ, ರಸ್ತೆಯನ್ನು ಬೈಯಲಿಲ್ಲ. ನಂತರದ ಮೂರು ದಿನ ನಾನು ಬೇಕೆಂದೇ ಸೋಫಾದಿಂದ ಅಬ್ಬಾ ಎಂದು ಎದ್ದರೂ ಬೀಜ ಬೀಳಲಿಲ್ಲ. ನನ್ನ ದಿನಚರಿಯಲ್ಲಿ ಆ ಮೂರು ದಿನದ ಎದುರು ಸೊನ್ನೆ ಉಂಟು. ಅಜ್ಜಿ ಎಂಥದನ್ನು ಬಿಟ್ಟುಕೊಡುವಾಗಲೂ ಒಂದು ತಮಾಷೆ ಮಾಡಿಯೇ ಕೊಟ್ಟವರು. ಇದನ್ನು ತಮಾಷೆ ಇಲ್ಲದೆ ಕೊಟ್ಟರು. ಸೊನ್ನೆ ಬರೆಯುವಾಗ ನನಗೆ ಅದು ಗೊತ್ತಾಯಿತು.

ನಾಲ್ಕನೆಯ ದಿನ, ಗುರುವಾರ, ಅಮ್ಮ ಕಾಟಿಪಳ್ಳದಲ್ಲಿ ಒಂದು ಸೀಮಂತಕ್ಕೆ ಹೋಗಿದ್ದಳು. ನಾನು ಕೆಲಸ ಮುಗಿಸಿ ಆರೂವರೆಗೆ ಬಂದರೆ ಅಜ್ಜಿ ಒಳಕೋಣೆಯ ನೆಲದಲ್ಲಿ ಗೋಡೆಗೆ ಒರಗಿ, ಕಾಲು ನೀಡಿ ಕೂತಿದ್ದರು. ಬಿದ್ದದ್ದೆಂದು ನನ್ನ ಜೀವ ಹಾರಿತು.

“ಬಿದ್ದದ್ದಲ್ಲ, ಕೂತದ್ದು,” ಎಂದರು ಅಜ್ಜಿ.

“ಯಾವಾಗ ಕೂತದ್ದು?”

“ಎರಡು ಸೀರಿಯಲ್ ಮುಗೀತು. ಮೂರನೇದು ಶುರುವಾಗಿದೆ.”

ಟಿ.ವಿ. ಹೊರಕೋಣೆಯಲ್ಲಿ ತನ್ನಷ್ಟಕ್ಕೆ ಅಳುತ್ತಿತ್ತು. ಕೂರಲು ಬರುತ್ತದೆ, ಅದು ಮರೆತಿಲ್ಲ, ಏಳುವುದನ್ನು ಸ್ವಲ್ಪ ಪ್ರಾಕ್ಟೀಸ್ ಮಾಡಬೇಕು ಎಂದು ಅವರ ವಿವರಣೆ. ಸ್ಟೂಲು ತಂದು, ಅದರ ಮೇಲೆ ಕೈ ಊರಿಸಿ, ಮೊದಲು ಬೆತ್ತದ ಪೀಠಕ್ಕೆ, ಪೀಠದಿಂದ ಕುರ್ಚಿಗೆ, ದಾರಂದದ ಗೆರೆಗಳನ್ನೆಲ್ಲ ಒಂದೊಂದಾಗಿ ಹತ್ತಿಸಿದ ಹಾಗೆ ಹತ್ತಿಸಿದೆ. ಕುರ್ಚಿಗೆ ತಲುಪಿದ ಮೇಲೆ ಅಜ್ಜಿ ನನ್ನ ಕೈ ಬಿಡದೆ ಹೇಳಿದರು: “ಇದನ್ನು ಬರೀಬೇಡ ಆಯ್ತಾ, ಶಾನುಭೋಗರೇ.” ಆಮೇಲೆ, “ಅವಳು ಬಡಿಸ್ಲಿ, ಒಳ್ಳೇದೇ. ಆದ್ರೆ ನಿನ್ನ ಅಜ್ಜ ಬಂದು ನೋಡುವಾಗ ನಾನು ಜಗಲಿಯಲ್ಲಿ ಇದ್ರೆ, ಇವಳಿಗೆ ನಾನು ಬೇಡವಾದೆ ಅಂತ ತಿಳ್ಕೊಳ್ಳುವುದಿಲ್ವಾ?”

ಅಂದು ಬರೆಯಲಿಲ್ಲ. ಇವತ್ತು ಬರೆಯಲು ಅಪ್ಪಣೆ ಸಿಕ್ಕಿದೆ.

ಶನಿವಾರ ಅತ್ತೆ ಪುನಃ ಫೋನು ಮಾಡಿ, ಹಿಂದೆ ತನ್ನ ಅಪ್ಪನ ಎಲೆಗೆ ಏನೇನು ಬಡಿಸಿದ್ದೆಂದು ಕೇಳಿದರು. ಇಂಥ ಪಟ್ಟಿ ನನ್ನಲ್ಲಿ ಅಲ್ಲದೆ ಯಾರಲ್ಲಿ ಇರುತ್ತದೆ? ಮಂಚದ ಕೆಳಗಿನಿಂದ ದಿನಚರಿಗಳನ್ನು ಎಳೆದೆ. ಕೋಳಿ ಸಾರು, ಕೊಟ್ಟೆ ಕಡುಬು, ಪತ್ರೊಡೆ, ಕಡಕ್ ಚಾ, ಒಂದು ಕಟ್ಟು ಬೀಡಿ. ಎಂಟು ವರ್ಷವೂ ಅದೇ. ಪಟ್ಟಿ ಬರೆದಾದ ಮೇಲೆ, ಹಳೆಯ ದಿನಚರಿ ಕೈಗೆ ಬಂದರೆ ಯಾರಾದರೂ ಮಾಡುವ ಹಾಗೆ, ನೆಲದಲ್ಲಿ ಕೂತು ಸುಮ್ಮನೆ ಹಿಂದೆ ಹಿಂದೆ ಓದುತ್ತ ಹೋದೆ. ಒಂಬತ್ತನೆಯ ಕ್ಲಾಸಿನ ಪುಸ್ತಕದಲ್ಲಿ, ಒಂದು ಮಂಗಳವಾರದ ಪುಟದಲ್ಲಿ, ನನ್ನ ದುಂಡು ಅಕ್ಷರ:

“ಇವತ್ತಿನಿಂದ ಅಜ್ಜನಿಗೆ ಊಟ ಮೇಜಿನಲ್ಲಿ. ಮೆಷಿನ್ ತುಳಿದು ತುಳಿದು ಮೊಣಕಾಲು ಮಡಚುವುದಿಲ್ಲ. ಅಜ್ಜಿ, ದೊರೆಗಳು ಮೇಲೆ ಕೂತರು ಎಂದರು. ಕುರ್ಚಿ ಹದಿನೆಂಟು ಇಂಚು. ಒಂದು ಕಳೆದು ಹದಿನೇಳು.”

ಪುಸ್ತಕ ಹಿಡಿದುಕೊಂಡು ಹೋಗಿ ಅಜ್ಜಿಗೆ ಓದಿ ಹೇಳಿದೆ. ಅವರು ಪತ್ರೊಡೆಗೆಂದು ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದರು. ಕೈ ನಿಂತಿತು. ಹೌದಲ್ಲ, ಕಡೆಯ ನಾಲ್ಕು ವರ್ಷ ಅವರು ಮೇಲೆ, ನಾನು ಕೆಳಗೆ ಕೂತೇ ಉಂಡದ್ದು ಎಂದರು. ಮುಖ ಎತ್ತಿ ಮಾತಾಡಿ ಮಾತಾಡಿ ಕುತ್ತಿಗೆ ನೋಯುತ್ತಿತ್ತಂತೆ. ಹಾಗೆ ಹೇಳುತ್ತಾ ಇದ್ದವರಿಗೆ ಇದ್ದಕ್ಕಿದ್ದಂತೆ ಏನೋ ಹೊಳೆದು, ಬಾಯಿಗೆ ಕೈ ಹಿಡಿದರು.

“ಎಂಟು ವರ್ಷದಿಂದ ಆ ಮನುಷ್ಯನನ್ನು ನೆಲದಲ್ಲಿ ಕೂರಿಸಿದ್ದೇವಲ್ಲ ಮಾರಾಯ್ತಿ. ನನಗಾದ್ರೆ ಎಳೀಲಿಕ್ಕೆ ನೀವಿಬ್ಬರು ಇದ್ರಿ. ಅವರು ಎದ್ದು ಹೋದದ್ದು ಹೇಗೆ?”

ಮೊದಲು ನಕ್ಕದ್ದು ಯಾರೆಂದು ನಾನು ಗುರುತಿಸಿಲ್ಲ. ಕೆಸುವಿನ ಎಲೆಗಳೆಲ್ಲ ನೆಲಕ್ಕೆ ಹೋದವು. ನಗು ನಿಂತು, ನಾನು ಎಲೆ ಹೆಕ್ಕಿ ಎದ್ದಾಗ ಕಿಟಕಿಯಲ್ಲಿ ಟಣ್ ಎಂದಿತು.

ಭಾನುವಾರ ಹನ್ನೊಂದು ಗಂಟೆಗೆ ಅತ್ತೆ ಬಂದರು, ಛತ್ರಿ ಕೊಡವಿದರು, ಒಳಕೋಣೆಗೆ ಹೋಗಿ ನೆಲ ಒರಸಿ ಮೂರು ಎಲೆ ಹಾಕಲು ಕೂತರು. ಅಜ್ಜಿ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತು, ಎರಡು ಎಲೆ ಸಾಕು, ನಿನ್ನ ಅಪ್ಪನದ್ದು ಮೇಜಿನಲ್ಲಿ ಎಂದರು. ಅತ್ತೆಗೆ ಇದು ಹೊಸ ತಮಾಷೆ ಎನಿಸಿತು. ನಾನು ದಿನಚರಿಯ ಪುಟ ತೋರಿಸಿದೆ. ಅತ್ತೆ ಕನ್ನಡಕ ಹಾಕಿ ಓದಿದರು.

“ಅದು ಬದುಕಿರುವಾಗಿನ ಮಾತು,” ಎಂದರು.

“ಸತ್ತ ಮೇಲೆ ಮೊಣಕಾಲು ಸರಿಯಾಗ್ತದೆ ಅಂತ ನಿನಗೆ ಯಾರು ಹೇಳಿದ್ದು?” ಎಂದರು ಅಜ್ಜಿ. “ಗ್ಯಾರಂಟಿ ಉಂಟಾ? ಉಂಟಾದ್ರೆ ಹೇಳು, ನಾನು ಇವತ್ತೇ ಹೊರಡ್ತೇನೆ.”

ಅಮ್ಮ ಅಡುಗೆಮನೆಯಲ್ಲಿ ಸೌಟು ಬೀಳಿಸಿದಳು. ಅತ್ತೆ ಮಾತ್ರ ಜಗ್ಗಲಿಲ್ಲ. ಎಲೆ ನೆಲದಲ್ಲೇ ಇರಬೇಕು, ಹಿರಿಯರು ಮಾಡಿಕೊಂಡು ಬಂದದ್ದು ಹಾಗೆ, ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಹೊಣೆ? ಇಷ್ಟು ಹೇಳಿ, ಇನ್ನು ಚರ್ಚೆ ಬೇಡ ಎಂಬಂತೆ ಏಳಲು ಹೊರಟರು. ಅತ್ತೆಗೆ ಐವತ್ತೇಳು. ಒಂದು ಮೊಣಕಾಲು ಎದ್ದಿತು, ಇನ್ನೊಂದು ಏಳಲಿಲ್ಲ. ಕೈ ಗಾಳಿಯಲ್ಲಿ ಆಧಾರ ಹುಡುಕಿ ಕೊನೆಗೆ ಅಜ್ಜಿಯ ಸೀರೆಯ ನೆರಿಗೆಗೆ ಸಿಕ್ಕಿತು. ಆಗ ಅತ್ತೆಯ ಬಾಯಿಯಿಂದ, ಅಜ್ಜಿಯದೇ ರಾಗದಲ್ಲಿ, ಅದೇ ಸ್ವರ ಹೊರಟಿತು. “ಅಪ್ಪೇ.”

ವ್ಯತ್ಯಾಸ ಇಷ್ಟೇ, ಅತ್ತೆ ಕರೆದ ಅಪ್ಪೆ ಅಲ್ಲೇ ನಿಂತಿದ್ದರು. ಬಗ್ಗಿ ಕೈ ಕೊಟ್ಟರು.

ನಾನು ಗೆರೆ ಹಾಕಲಿಲ್ಲ. ಎಲ್ಲವನ್ನೂ ಎಣಿಸಬಾರದೆಂಬ ತಿಳಿವಳಿಕೆ ನನಗೂ ಅಪರೂಪಕ್ಕೊಮ್ಮೆ ಬರುತ್ತದೆ. ಅತ್ತೆ ಎದ್ದು, ಸೀರೆ ಸರಿಮಾಡಿಕೊಂಡು, ಸ್ವಲ್ಪ ಹೊತ್ತು ಮೂರನೆಯ ಎಲೆಯನ್ನೇ ನೋಡಿದರು. ಎಲೆಗೆ ಬರುವ ಹಿರಿಯರನ್ನಲ್ಲ, ಅವರ ಸ್ವಂತ ಅಪ್ಪನನ್ನು ನೋಡುತ್ತಿದ್ದರೆಂದು ಈಗ ಅನಿಸುತ್ತದೆ: ಊಟ ಮುಗಿದ ಮೇಲೆ ಮೇಜಿನ ಅಂಚು ಎರಡೂ ಕೈಯಲ್ಲಿ ಒತ್ತಿ ಏಳುತ್ತಿದ್ದ ಟೈಲರನ್ನು.

“ಅಪ್ಪ ಯಾವ ಕುರ್ಚಿಯಲ್ಲಿ ಕೂರ್ತಿದ್ದದ್ದು?” ಎಂದು ಕೇಳಿದರು.

ಕಿಟಕಿಯ ಹತ್ತಿರದ್ದು. ಅದನ್ನೂ ಮೇಜನ್ನೂ ಎತ್ತಿ ಒಳಕೋಣೆಗೆ ತಂದೆವು. ಮುತ್ತಜ್ಜ ಮುತ್ತಜ್ಜಿಯ ಎರಡು ಎಲೆ ನೆಲದಲ್ಲೇ ಉಳಿದವು. ಅವರು ಕುರ್ಚಿಯಲ್ಲಿ ಕೂತದ್ದನ್ನು ಕಂಡವರಿಲ್ಲ. ಅವಕ್ಕೆ ಅತ್ತೆ ಬಡಿಸಿದರು, ಪಕ್ಕದಲ್ಲಿ ನೀಲಿ ಸ್ಟೂಲು ಇಟ್ಟುಕೊಂಡು. ಮೇಜಿನ ಎಲೆಗೆ ಅಜ್ಜಿ ಬಡಿಸಿದರು, ಬಗ್ಗದೆ, ನೆಟ್ಟಗೆ ನಿಂತು, ಕೋಳಿಯ ಕಾಲು ಹುಡುಕಿ ಹುಡುಕಿ. ಆಮೇಲೆ ಎದುರಿಗೆ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂತು, ಎಂಟು ವರ್ಷದಿಂದ ಕರೆದ ಹಾಗಲ್ಲದೆ, ಅಂಗಡಿಯಿಂದ ತಡವಾಗಿ ಬಂದವರಿಗೆ ಹೇಳುವ ಹಾಗೆ ಹೇಳಿದರು: “ಬನ್ನಿ. ಸಾರು ತಣೀತದೆ.”

ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕಾದೆವು. ಮಳೆಗೆ ರಸ್ತೆಯ ನೀರು ಎರಡು ಮೆಟ್ಟಿಲು ಇಳಿದು ಅಂಗಳಕ್ಕೆ ಬರುತ್ತಿತ್ತು. ನೋಡು, ನೆಲ ಕೆಳಗೆ ಹೋದದ್ದಕ್ಕೆ ಸಾಕ್ಷಿ ಎಂದು ಅಜ್ಜಿ ಅತ್ತೆಗೆ ತೋರಿಸಿದರು. ಅತ್ತೆ ಹೌದು ಎಂದರು. ಅವರ ಕುಲಶೇಖರದ ಮನೆಯ ನೆಲವೂ ಈಚೆಗೆ ಸ್ವಲ್ಪ ಇಳಿದಂತೆ ಕಾಣುತ್ತದಂತೆ. ಎಷ್ಟು ಹೊತ್ತು ಕಾಯಬೇಕೆಂದು ನಾನು ವಾಚು ನೋಡಿದಾಗ ಅಜ್ಜಿ ತಡೆದರು. ಇವತ್ತು ಅವರಿಗೆ ಆರಾಮದಲ್ಲಿ ಕೂತು ಉಣ್ಣಲು ಬಿಡು ಎಂದರು.

ಕೆಮ್ಮಿ ಬಾಗಿಲು ತೆರೆದ ಮೇಲೆ ಅಜ್ಜಿ ಬೇರೆ ಕಡೆ ಉಣ್ಣಲು ಒಪ್ಪಲಿಲ್ಲ. ಆ ಎಲೆಯ ಎದುರಿಗೇ ತನ್ನ ತಟ್ಟೆ ಇಟ್ಟುಕೊಂಡು ಕೂತರು. ಅವರು ಮುಖ ಎತ್ತಬೇಕಾಗಲೂ ಇಲ್ಲ, ತಗ್ಗಿಸಬೇಕಾಗಲೂ ಇಲ್ಲ.

ಸಂಜೆ ಎಲ್ಲ ತೊಳೆದಿಟ್ಟ ಮೇಲೆ ನಾನು ಪೆನ್ಸಿಲ್ ಹಿಡಿದು ದಾರಂದದ ಎದುರು ಕುಕ್ಕರುಗಾಲಿನಲ್ಲಿ ಕೂತೆ. ಹೊಸ ಗೆರೆ ಬೇಕಾಗಿರಲಿಲ್ಲ. ಹದಿನೇಳರ ಗೆರೆಯ ಪಕ್ಕದಲ್ಲಿ ಅಜ್ಜಿಯ ಹೆಸರು ಮೊದಲೇ ಇತ್ತು. ಅದರ ಹತ್ತಿರ ಅಜ್ಜನ ಹೆಸರು ಬರೆದೆ. ಅಜ್ಜ ಆ ಎತ್ತರಕ್ಕೆ ಹನ್ನೊಂದು ವರ್ಷ ಮೊದಲೇ ಹೋಗಿ, ಜಾಗ ಹಿಡಿದು ಕೂತಿದ್ದರು. ಅಕ್ಷರ ಸಣ್ಣದಾಗಿ, ನೀಟಾಗಿ ಬರಲೆಂದು ಬಹಳ ಹೊತ್ತು ಬಗ್ಗಿಕೊಂಡೇ ಇದ್ದೆ. ತಾರೀಖು ಹಾಕಿದೆ. ದಾರಂದ ಹಿಡಿದು, ಸೊಂಟಕ್ಕೆ ಕೈ ಕೊಟ್ಟು, ಮೆಲ್ಲ ಎದ್ದೆ.

ಅಡುಗೆಮನೆಯ ಕಿಟಕಿಯಲ್ಲಿ, ಟಣ್.